ಗರಗಸವೂ ಬೇಕು, ಗುಳಿಗೆಯೂ ಬೇಕು

1861ರ ಜುಲೈ 16. ಇಂದಿನ ಮಲಾವಿ ದೇಶದ ಶಿರೆ ನದಿಯ ಮೇಲಣ ಗುಡ್ಡಸೀಮೆಯಲ್ಲಿ ಮ್ಬಾಮೆ ಎಂಬ ಊರ ಮುಖ್ಯಸ್ಥನ ಹಳ್ಳಿ. ಗುಡ್ಡದ ಮಗ್ಗುಲು ಬಳಸಿಕೊಂಡು ಒಂದು ಉದ್ದನೆಯ ಸಾಲು ಕಣಿವೆಗೆ ಇಳಿದು ಬರುತ್ತಿತ್ತು. ಹಿಂದೆ ಮುಂದೆ ಬಂದೂಕು ಹಿಡಿದ ಕಾವಲಿನವರು. ಅವರಲ್ಲಿ ಕೆಲವರು ತಗಡಿನ ಕೊಂಬು ಊದುತ್ತ, ಏನೋ ಗೆದ್ದು ಬಂದವರ ಗತ್ತಿನಲ್ಲಿ ನಡೆಯುತ್ತಿದ್ದರು. ನಡುವೆ 84 ಮಂದಿ ಗುಲಾಮರು. ಬಹುಪಾಲು ಹೆಂಗಸರು, ಮಕ್ಕಳು. ಮಕ್ಕಳಲ್ಲಿ ಐದು ವರ್ಷ ದಾಟದವರೇ ಹಲವರು.

ಹಳ್ಳಿಯಲ್ಲಿ ತಂಗಿದ್ದ ಬ್ರಿಟಿಷರ ತಂಡವನ್ನು ಕಂಡದ್ದೇ ತಡ, ಕಾವಲಿನವರು ಕಾಡಿಗೆ ಓಟ ಕಿತ್ತರು. ಹೆಂಗಸರ, ಮಕ್ಕಳ ಕಟ್ಟುಗಳನ್ನು ಚಾಕುವಿನಿಂದ ಕುಯ್ದು ಬಿಡಿಸಿದ್ದಾಯಿತು. ಗಂಡಸರ ವಿಷಯ ಅಷ್ಟು ಸುಲಭವಿರಲಿಲ್ಲ. ಒಬ್ಬೊಬ್ಬನ ಕುತ್ತಿಗೆಗೂ ಆರೇಳು ಅಡಿ ಉದ್ದದ ದಪ್ಪನೆಯ ಕವೆಗೋಲು ತೊಡಿಸಿ, ಕವೆಯ ಎರಡು ತುದಿಗಳ ನಡುವೆ ಗಂಟಲಿಗೆ ಅಡ್ಡಲಾಗಿ ಕಬ್ಬಿಣದ ಸರಳು ಬಡಿದಿದ್ದರು. ಚಾಕುವಿಗೆ ಅದು ಬಗ್ಗುವ ವಸ್ತುವಲ್ಲ. ತಂಡದ ಜೊತೆಗಿದ್ದ ಬಿಷಪ್ ಚಾರ್ಲ್ಸ್ ಮೆಕೆಂಜಿಯವರ ಗಂಟುಮೂಟೆಯಲ್ಲಿ ಒಂದು ಗರಗಸ ಸಿಕ್ಕಿತು. ಒಂದೊಂದೇ ಕವೆಗೋಲನ್ನು ಅದರಿಂದ ಕೊಯ್ದು ಗಂಡಸರನ್ನೂ ಬಿಡಿಸಿದರು. ಹೊತ್ತು ತಂದಿದ್ದ ಹಿಟ್ಟನ್ನು ನಿಮಗೇ, ನಿಮ್ಮ ಮಕ್ಕಳಿಗೇ ಬೇಯಿಸಿಕೊಳ್ಳಿ ಎಂದಾಗ ಹೆಂಗಸರು ಮೊದಲು ನಂಬಲಿಲ್ಲ. ನಂಬಿಕೆ ಬಂದ ಮೇಲೆ ಆ ಕವೆಗೋಲುಗಳನ್ನೇ ಒಲೆಗೆ ಇಟ್ಟು ಉರಿ ಮಾಡಿದರು. ಪುಟ್ಟ ಹುಡುಗನೊಬ್ಬ ಬಂದು, ಅವರು ಕಟ್ಟಿ ಉಪವಾಸ ಕೆಡವಿದರು, ನೀವು ಕಟ್ಟು ಬಿಚ್ಚಿ ಉಣ್ಣಿ ಅನ್ನುತ್ತೀರಿ, ನೀವು ಎಂಥ ಜನ, ಎಲ್ಲಿಂದ ಬಂದಿರಿ ಎಂದು ಕೇಳಿದನಂತೆ. ಹಿಂದಿನ ದಿನವಷ್ಟೇ ಕಟ್ಟು ಸಡಿಲಿಸಿಕೊಳ್ಳಲು ನೋಡಿದ ಇಬ್ಬರು ಹೆಂಗಸರನ್ನು ಗುಂಡಿಟ್ಟು ಕೊಂದಿದ್ದರು. ಹೊರೆಯ ಜೊತೆಗೆ ಕೂಸನ್ನೂ ಹೊರಲಾರದೆ ಹೋದ ತಾಯಿಯ ಕಣ್ಣೆದುರೇ ಕೂಸನ್ನು ಕೊಂದಿದ್ದರು.

ಈ ತಂಡದ ಮುಂದಾಳು ಡಾ. ಡೇವಿಡ್ ಲಿವಿಂಗ್‌ಸ್ಟನ್. ವಿಕ್ಟೋರಿಯಾ ಜಲಪಾತಕ್ಕೆ ಹೆಸರಿಟ್ಟವನು, ಸ್ಟ್ಯಾನ್ಲಿ ಹುಡುಕಿಕೊಂಡು ಹೋದವನು ಎಂದು ನಾವು ಶಾಲೆಯಲ್ಲಿ ಓದಿದ ಹೆಸರು. ಆತ ವೈದ್ಯನಾಗಿದ್ದ ಎಂಬುದು ಪಾಠದ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ನನಗೆ ಆ ಸಾಲೇ ಮುಖ್ಯ ಅನ್ನಿಸುತ್ತದೆ. ನಕ್ಷೆ ಬರೆದವನ ಕಥೆ ಸಾಕಷ್ಟು ಹೇಳಿ ಆಗಿದೆ. ದೂರದ ಸೀಮೆಯಲ್ಲಿ ಔಷಧದ ಪೆಟ್ಟಿಗೆ ಹೊತ್ತು ತಿರುಗಿದ ವೈದ್ಯ, ಗುಲಾಮರಾದ ಮಕ್ಕಳ ಕಟ್ಟು ಬಿಚ್ಚಿದ ಮೇಲೆ ಏನೇನಾಯಿತು ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಆ ಕಥೆಯ ಒಂದು ಎಳೆ ಬೊಂಬಾಯಿಗೂ ನಾಸಿಕಕ್ಕೂ ಬರುತ್ತದೆ.

ಲಿವಿಂಗ್‌ಸ್ಟನ್ ಸ್ವತಃ ಬಾಲಕಾರ್ಮಿಕ. 1813ರಲ್ಲಿ ಸ್ಕಾಟ್ಲೆಂಡಿನ ಬ್ಲಾಂಟೈರ್‌ನಲ್ಲಿ ಹುಟ್ಟಿದ ಆತ ಹತ್ತನೆಯ ವಯಸ್ಸಿಗೇ ಹತ್ತಿ ಗಿರಣಿ ಸೇರಿದ. ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ಯಂತ್ರಗಳ ನಡುವೆ ಓಡಾಡುತ್ತ ಕಡಿದ ನೂಲನ್ನು ಜೋಡಿಸುವುದು ಕೆಲಸ. ಆಮೇಲೆ ರಾತ್ರಿ ಶಾಲೆ. ಮೊದಲ ವಾರದ ಕೂಲಿಯಲ್ಲಿ ಲ್ಯಾಟಿನ್ ವ್ಯಾಕರಣ ಕೊಂಡ. ನೂಲುವ ಯಂತ್ರದ ಮೇಲೆ ಪುಸ್ತಕ ತೆರೆದಿಟ್ಟು, ಅತ್ತಿಂದಿತ್ತ ಹೋಗುವಾಗ ಒಂದೊಂದು ವಾಕ್ಯ ಓದಿಕೊಳ್ಳುತ್ತಿದ್ದ. ಆತನಿಗೆ ಕೂಲಿ ಸಿಗುತ್ತಿತ್ತು, ರಾತ್ರಿ ಅಮ್ಮನ ಬಳಿಗೆ ಮರಳುತ್ತಿದ್ದ. ಗುಲಾಮರ ಮಕ್ಕಳ ಪಾಡಿಗೆ ಇದನ್ನು ಸರಿಗಟ್ಟುವುದು ತಪ್ಪಾದೀತು. ಆದರೆ ಸ್ಕಾಟ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯ ದೊಡ್ಡ ಪಾಲು ಅಟ್ಲಾಂಟಿಕ್‌ನ ಆಚೆ ಗುಲಾಮರು ಬೆಳೆದದ್ದು ಎಂಬುದನ್ನೂ ಮರೆಯಬಾರದು.

ಗ್ಲಾಸ್ಗೋದಲ್ಲಿ ವೈದ್ಯಕೀಯ ಓದಿ 1840ರಲ್ಲಿ ಪರವಾನಗಿ ಪಡೆದ. ಸ್ಟೆತಾಸ್ಕೋಪ್ ಆಗಿನ್ನೂ ಹೊಸ ಸಾಧನ. ಅದರ ವಿಚಾರದಲ್ಲಿ ಪರೀಕ್ಷಕರೊಂದಿಗೆ ಭಿನ್ನಾಭಿಪ್ರಾಯ ಬಂದು ಪರೀಕ್ಷೆ ಲಂಬಿಸಿತಂತೆ. ಚೀನಾಕ್ಕೆ ಹೋಗುವ ಆಸೆಗೆ ಅಫೀಮು ಯುದ್ಧ ಅಡ್ಡ ಬಂತು. ಹಾಗಾಗಿ ದಕ್ಷಿಣ ಆಫ್ರಿಕಾದ ಕುರುಮಾನ್ ಎಂಬ ಮಿಷನ್ ಠಾಣೆಗೆ 1841ರಲ್ಲಿ ತಲುಪಿದ.

ಅಲ್ಲಿ ಆತ ವೈದ್ಯವೃತ್ತಿ ನಡೆಸಿದ ರೀತಿ ಇವತ್ತಿನ ಹಳ್ಳಿಗಾಡಿನ ವೈದ್ಯರೂ ಗಮನಿಸುವಂಥದ್ದು. ಊರಿನ ನಾಟಿವೈದ್ಯರು ಒಪ್ಪಿದರೆ ಅಥವಾ ತಮ್ಮಿಂದಾಗದು ಎಂದು ಕೈಬಿಟ್ಟರೆ ಮಾತ್ರ ರೋಗಿಯನ್ನು ಮುಟ್ಟುತ್ತಿದ್ದ. ಇದರಿಂದ ಬಲು ಕಷ್ಟದ ಕಾಯಿಲೆಗಳೇ ತನ್ನ ಪಾಲಿಗೆ ಬಂದವು, ಅವರ ಅನ್ನಕ್ಕೆ ಕಲ್ಲು ಹಾಕಿದ ಅಪವಾದವೂ ಬರಲಿಲ್ಲ ಎಂದು ಬರೆದುಕೊಂಡಿದ್ದಾನೆ. ಮಳೆ ಬರಿಸುವ ಮಾಂತ್ರಿಕನೊಬ್ಬನ ಜೊತೆ ನಡೆದ ವಾದವನ್ನು ದಾಖಲಿಸುವಾಗ ಎದುರಾಳಿಯ ತರ್ಕವನ್ನು ಮೊಂಡಾಗಿಸದೆ ಪೂರ್ತಿ ಕೊಟ್ಟಿದ್ದಾನೆ. ನಿನ್ನ ಔಷಧವೂ ಕೆಲವೊಮ್ಮೆ ಫಲಿಸುವುದಿಲ್ಲ, ರೋಗಿ ಸಾಯುತ್ತಾನೆ, ಹಾಗೆಂದು ನೀನು ಔಷಧ ಕೊಡುವುದನ್ನು ಬಿಟ್ಟೆಯಾ ಎಂಬುದು ಮಾಂತ್ರಿಕನ ಪ್ರಶ್ನೆಯ ಸಾರ. ವಸಾಹತು ಕಾಲದ ಬಿಳಿಯ ಬರಹಗಾರರಲ್ಲಿ ಇಂಥ ನ್ಯಾಯಬುದ್ಧಿ ಅಪರೂಪ.

ಆಫ್ರಿಕಾದ ಒಳನಾಡಿನಲ್ಲಿ ದೊಡ್ಡ ಶತ್ರು ಚಳಿಜ್ವರ. ಲಿವಿಂಗ್‌ಸ್ಟನ್ ಅದಕ್ಕೊಂದು ಗುಳಿಗೆ ಕಟ್ಟಿದ. ಜಾಲಪ್ ಬೇರಿನ ರಾಳ, ರೇವಲ್ ಚಿನ್ನಿ, ಪಾದರಸದ ಕ್ಯಾಲೊಮೆಲ್, ಕ್ವಿನೈನ್ ಇಷ್ಟನ್ನೂ ಅಳತೆಯಲ್ಲಿ ಬೆರೆಸಿ, ಏಲಕ್ಕಿಯ ಟಿಂಕ್ಚರಿನಲ್ಲಿ ಕಲಸಿ ಉಂಡೆ ಮಾಡುತ್ತಿದ್ದ. ಹೊಟ್ಟೆ ತೊಳೆಯುವ ಮದ್ದೂ ಜ್ವರದ ಮದ್ದೂ ಒಂದೇ ಗುಳಿಗೆಯಲ್ಲಿ. ಮಲಗಿದವನನ್ನು ಎಬ್ಬಿಸಿ ಕೂರಿಸುವ ಗುಣದಿಂದ ಜೊತೆಯವರು ಅದನ್ನು ‘ಎಬ್ಬಿಸುವ ಗುಳಿಗೆ’ ಎಂಬ ಅರ್ಥದಲ್ಲಿ ಕರೆದರು. ಮುಂದೆ ಬರೋಸ್ ವೆಲ್‌ಕಮ್ ಕಂಪನಿ ಅದೇ ಹೆಸರಿನಲ್ಲಿ ಮಾತ್ರೆ ಮಾಡಿ ಮಾರಿತು. ಪಾದರಸ ದೇಹಕ್ಕೆ ಒಳ್ಳೆಯದಲ್ಲವೆಂದು ಇಂದು ಗೊತ್ತು. ಆದರೆ ಕ್ವಿನೈನನ್ನು ಹಿಂಜರಿಯದೆ, ಜ್ವರ ಕಂಡ ಕೂಡಲೇ ಕೊಟ್ಟದ್ದರಿಂದ ಆತನ ತಂಡದಲ್ಲಿ ಹಲವರು ಬದುಕಿದರು. ಸೊಳ್ಳೆ ಹೆಚ್ಚಿರುವಲ್ಲಿ ಈ ಜ್ವರವೂ ಇರುತ್ತದೆಂದು ಗಮನಿಸಿ ಬರೆದದ್ದೂ ಉಂಟು. ಆದರೆ ಸೊಳ್ಳೆಯೇ ಜ್ವರ ಹರಡುತ್ತದೆಂಬ ತೀರ್ಮಾನಕ್ಕೆ ಬರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ.

ಗುಲಾಮರ ಸಾಲುಗಳು ಹೋಗುತ್ತಿದ್ದದ್ದು ಎಲ್ಲಿಗೆ? ಮ್ಬಾಮೆಯಲ್ಲಿ ಸಿಕ್ಕವರು ಪೋರ್ಚುಗೀಸರ ತೇತೆ ಪಟ್ಟಣದತ್ತ ಹೊರಟವರು. ನ್ಯಾಸಾ ಸರೋವರದ ಸುತ್ತಣ ಇನ್ನೂ ದೊಡ್ಡ ಸಂಖ್ಯೆಯ ಜನರನ್ನು ಕಿಲ್ವಾ ರೇವಿಗೆ ಇಳಿಸಿ, ಅಲ್ಲಿಂದ ಜಂಜಿಬಾರಿಗೆ ಸಾಗಿಸುತ್ತಿದ್ದರು. ಜಂಜಿಬಾರ್, ಪೆಂಬಾ ದ್ವೀಪಗಳ ಲವಂಗದ ತೋಟಗಳಿಗೆ ಆಳು ಬೇಕಿತ್ತು. ಅರೇಬಿಯಾ, ಪರ್ಷಿಯಾಕ್ಕೂ ಹೋಗುತ್ತಿದ್ದರು. ಒಳನಾಡಿನಿಂದ ಬರುವಾಗ ಇದೇ ಜನರ ತಲೆಯ ಮೇಲೆ ಆನೆದಂತದ ಹೊರೆ. ಈ ವ್ಯಾಪಾರಕ್ಕೆ ಬಂಡವಾಳ ಎಲ್ಲಿಂದ ಎಂದು ಕೇಳಿದರೆ ನಮ್ಮ ಉಪಖಂಡವೂ ತಲೆ ತಗ್ಗಿಸಬೇಕು. ಜಂಜಿಬಾರಿನ ಸುಂಕದ ಗುತ್ತಿಗೆ ದಶಕಗಳ ಕಾಲ ಕಛ್‌ನ ಜೈರಾಮ್ ಶಿವಜಿ ಮನೆತನದ ಕೈಯಲ್ಲಿತ್ತು. ಒಳನಾಡಿಗೆ ದಂಡು ಕಟ್ಟಿಕೊಂಡು ಹೋಗುವ ವ್ಯಾಪಾರಿಗಳಿಗೆ ಸಾಲ, ಬಟ್ಟೆ, ಮಣಿಸರ ಒದಗಿಸುತ್ತಿದ್ದವರಲ್ಲಿ ಗುಜರಾತಿ ಸಾಹುಕಾರರು ಪ್ರಮುಖರು. ಪೂರ್ವ ಆಫ್ರಿಕಾದ ದಂತದ ದೊಡ್ಡ ಪಾಲು ಬೊಂಬಾಯಿಗೆ ಬಂದು ಮದುವೆ ಹೆಣ್ಣುಗಳ ಬಳೆಯಾಗುತ್ತಿತ್ತು. 1860ರ ಸುಮಾರಿಗೆ ಜಂಜಿಬಾರಿನ ಬ್ರಿಟಿಷ್ ಕಾನ್ಸಲ್ ರಿಗ್ಬಿ ಅಲ್ಲಿನ ಭಾರತೀಯರ ಮನೆಗಳಿಂದಲೇ ಸಾವಿರಾರು ಗುಲಾಮರನ್ನು ಬಿಡಿಸಬೇಕಾಯಿತು. ಗುಲಾಮಗಿರಿಯ ಪಾಪವನ್ನು ಅರಬ್ಬರ, ಬಿಳಿಯರ ಲೆಕ್ಕಕ್ಕೆ ಬರೆದು ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಮ್ಬಾಮೆಯಲ್ಲಿ ಬಿಡುಗಡೆಯಾದವರಿಗೆ ಎಲ್ಲಿಗೆ ಬೇಕಾದರೂ ಹೋಗಬಹುದೆಂದು ಹೇಳಿದರು. ಅವರು ಎಲ್ಲಿಗೆ ಹೋಗಬೇಕು? ಊರು ಸುಟ್ಟು ಬೂದಿಯಾಗಿತ್ತು, ಹೆತ್ತವರು ಎಲ್ಲಿದ್ದಾರೋ ತಿಳಿಯದು, ದಾರಿಯಲ್ಲಿ ಮತ್ತೊಬ್ಬ ಹಿಡಿದರೆ ಮತ್ತದೇ ಕವೆಗೋಲು. ಎಲ್ಲರೂ ಬಿಷಪ್ ಜೊತೆಗೇ ಉಳಿದರು. ಮುಂದಿನ ದಿನಗಳಲ್ಲಿ ಇನ್ನಷ್ಟು ಜನ ಬಿಡುಗಡೆಯಾಗಿ ಬಂದು ಸೇರಿದರು. ಮೆಕೆಂಜಿ ಅವರನ್ನೆಲ್ಲ ಮಗೊಮೆರೊ ಎಂಬಲ್ಲಿಗೆ ಕರೆದೊಯ್ದು ಗುಡಿಸಲು ಹಾಕಿಸಿದರು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎನ್ನುವ ಹಾಗಿದ್ದರೆ ಎಷ್ಟು ಚೆನ್ನಿತ್ತು. ಮಗೊಮೆರೊ ತಗ್ಗಿನ ಜಾಗ. ನೂರಕ್ಕೂ ಹೆಚ್ಚು ಜನ ಇಕ್ಕಟ್ಟಿನಲ್ಲಿ ತುಂಬಿಕೊಂಡರು. ಉಪವಾಸದಿಂದ ಮೊದಲೇ ಸೊರಗಿದ್ದ ದೇಹಗಳಿಗೆ ರಕ್ತಭೇದಿ ತಗುಲಿತು, ಕಾಲಿನ ಹುಣ್ಣು ಕೊಳೆಯತೊಡಗಿತು. ತಿನ್ನಲು ಸಾಕಷ್ಟು ಕಾಳಿಲ್ಲ. ಬಿಡುಗಡೆಯಾದವರಲ್ಲಿ ಹಲವರು, ಅದರಲ್ಲೂ ಮಕ್ಕಳು, ತಿಂಗಳುಗಳೊಳಗೆ ತೀರಿಕೊಂಡರು. ಅದರ ಮೇಲೆ ಆ ಸೀಮೆಗೇ ಬರ ಬಂತು. 1863ರಲ್ಲಿ ಲಿವಿಂಗ್‌ಸ್ಟನ್ ಶಿರೆ ನದಿಯಲ್ಲಿ ಮೇಲಕ್ಕೆ ಹೋಗುವಾಗ ಹಡಗಿನ ಚಕ್ರಕ್ಕೆ ಸಿಕ್ಕಿಕೊಂಡ ಹೆಣಗಳನ್ನು ಬೆಳಗ್ಗೆ ಬೆಳಗ್ಗೆ ಬಿಡಿಸಬೇಕಾಗುತ್ತಿತ್ತು.

ಬಿಷಪ್ ಮೆಕೆಂಜಿಯ ಸಾವು ಈ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಲಿವಿಂಗ್‌ಸ್ಟನ್‌ನನ್ನು ಸಂಧಿಸಲೆಂದು ಹೊರಟಾಗ ದೋಣಿ ಮಗುಚಿತು. ನೀರಿಗೆ ಹೋದ ಸಾಮಾನುಗಳಲ್ಲಿ ಕ್ವಿನೈನ್ ಡಬ್ಬಿಯೂ ಇತ್ತು. ಶಿರೆಗೆ ರುವೊ ನದಿ ಸೇರುವಲ್ಲಿ ಒಂದು ದ್ವೀಪದಲ್ಲಿ ಜ್ವರ ಬಂದು, ಔಷಧವಿಲ್ಲದೆ, 1862ರ ಜನವರಿ 31ರಂದು ತೀರಿಕೊಂಡರು. ಕವೆಗೋಲು ಕೊಯ್ಯಲು ಅವರ ಬಳಿ ಗರಗಸವಿತ್ತು. ಜ್ವರ ಬಿಡಿಸಲು ಗುಳಿಗೆ ಉಳಿದಿರಲಿಲ್ಲ. ಮೂರು ತಿಂಗಳಿಗೆ, ಏಪ್ರಿಲ್ 27ರಂದು, ಲಿವಿಂಗ್‌ಸ್ಟನ್‌ನ ಹೆಂಡತಿ ಮೇರಿಯೂ ಶುಪಾಂಗಾದಲ್ಲಿ ಅದೇ ಜ್ವರಕ್ಕೆ ಬಲಿಯಾದಳು. ಅಲ್ಲಿ ಗುಳಿಗೆಯೂ ಇತ್ತು, ಗಂಡನೇ ವೈದ್ಯ. ಆದರೂ ಉಳಿಸಿಕೊಳ್ಳಲಾಗಲಿಲ್ಲ.

ಲಿವಿಂಗ್‌ಸ್ಟನ್‌ನ ಮೇಲೂ ಹೊಣೆಯಿದೆ. ಒಳನಾಡು ಆರೋಗ್ಯಕರ, ವ್ಯಾಪಾರಕ್ಕೂ ವಸತಿಗೂ ಯೋಗ್ಯ ಎಂದು ಇಂಗ್ಲೆಂಡಿನಲ್ಲಿ ಉತ್ಸಾಹದಿಂದ ಭಾಷಣ ಮಾಡಿ ಮಿಷನ್‌ನವರನ್ನು ಕರೆಸಿದವನು ಆತನೇ. ಆತ ತೆರೆದ ದಾರಿಯಲ್ಲೇ ಗುಲಾಮರ ವ್ಯಾಪಾರಿಗಳು ಹಿಂಬಾಲಿಸಿ, ತಾವು ಲಿವಿಂಗ್‌ಸ್ಟನ್ ಕಡೆಯವರೆಂದು ಹೇಳಿಕೊಂಡು ಹಳ್ಳಿಗಳಿಗೆ ನುಗ್ಗಿದರು. ಇದು ತಿಳಿದಾಗ ಆತ ನೊಂದ. ಮ್ಬಾಮೆಯಲ್ಲಿ ಕಟ್ಟು ಬಿಚ್ಚಿದ್ದನ್ನು ನಾನು ಒಂದು ಕ್ಷಣವೂ ತಪ್ಪೆನ್ನಲಾರೆ. ಆದರೆ ಕಟ್ಟು ಬಿಚ್ಚುವುದಕ್ಕೆ ಒಂದು ಗಂಟೆ ಸಾಕು. ಆಮೇಲಿನ ಅನ್ನ, ಔಷಧ, ನೆಲೆ, ಶಾಲೆಗೆ ವರ್ಷಗಳು ಬೇಕು, ಅವಕ್ಕೆ ಯಾರೂ ಮೊದಲೇ ಲೆಕ್ಕ ಹಾಕಿರಲಿಲ್ಲ.

ಬದುಕಿ ಉಳಿದ ಮಕ್ಕಳ ಗತಿ? ಹೊಸ ಬಿಷಪ್ ಟೋಜರ್ ಮಿಷನನ್ನೇ ಅಲ್ಲಿಂದ ಎತ್ತಲು ತೀರ್ಮಾನಿಸಿದಾಗ ಅನಾಥರೂ ವಿಧವೆಯರೂ ಮತ್ತೆ ನಡುನೀರಿನಲ್ಲಿ ಉಳಿಯುವ ಹಾಗಾಯಿತು. ಲಿವಿಂಗ್‌ಸ್ಟನ್ ಮತ್ತು ಮಿಷನ್‌ನ ಹೊರೇಸ್ ವಾಲರ್ ಇದಕ್ಕೆ ಒಪ್ಪಲಿಲ್ಲ. ಅವರನ್ನು ಹಡಗಿಗೆ ಹತ್ತಿಸಿಕೊಂಡು ಬಂದರು. ವಾಲರ್ ಹುದ್ದೆ ಬಿಟ್ಟು ಆ ಗುಂಪನ್ನು ದಕ್ಷಿಣ ಆಫ್ರಿಕಾದ ಕೇಪ್‌ಗೆ ಮುಟ್ಟಿಸಿದರು. ಚುಮಾ, ವೆಕೊಟಾನಿ ಎಂಬ ಇಬ್ಬರು ಹುಡುಗರು ಲಿವಿಂಗ್‌ಸ್ಟನ್ ಜೊತೆಗೇ ಉಳಿದರು.

ನ್ಯಾಸಾ ಸರೋವರದಲ್ಲಿ ಓಡಾಡಿ ಗುಲಾಮ ವ್ಯಾಪಾರ ತಡೆಯಲೆಂದು ಆತ ಸ್ವಂತ ಹಣ ಸುರಿದು ಕಟ್ಟಿಸಿದ್ದ ‘ಲೇಡಿ ನ್ಯಾಸಾ’ ಎಂಬ ಪುಟ್ಟ ಉಗಿಹಡಗು ಕೆಲಸವಿಲ್ಲದೆ ಬಿದ್ದಿತ್ತು. ಜಂಜಿಬಾರಿನಲ್ಲಿ ಮಾರಿದರೆ ಗುಲಾಮ ವ್ಯಾಪಾರಿಯ ಕೈಗೇ ಹೋದೀತೆಂಬ ಭಯ. ಹಾಗಾಗಿ 1864ರ ಏಪ್ರಿಲ್ 30ರಂದು ತಾನೇ ಚುಕ್ಕಾಣಿ ಹಿಡಿದು ಹಿಂದೂ ಮಹಾಸಾಗರ ದಾಟಲು ಹೊರಟ. ಕಲ್ಲಿದ್ದಲು ಸ್ವಲ್ಪವೇ, ಮುಂಗಾರು ತಲೆಯ ಮೇಲೆ, ಜೊತೆಗೆ ಮೂವರು ಯುರೋಪಿಯನ್ನರು, ಸಮುದ್ರವನ್ನೇ ಕಂಡರಿಯದ ಜಾಂಬೆಜಿ ಸೀಮೆಯ ಏಳು ಮಂದಿ, ಮತ್ತು ಈ ಇಬ್ಬರು ಹುಡುಗರು. ಗಾಳಿ ಸತ್ತು ವಾರಗಟ್ಟಲೆ ಹಡಗು ನಿಂತಲ್ಲೇ ನಿಂತಿತು. ಜೂನ್ 13ಕ್ಕೆ ಬೊಂಬಾಯಿ ಸೇರಿದಾಗ ಇಷ್ಟು ಸಣ್ಣ ಹಡಗನ್ನು ಯಾರೂ ಗಮನಿಸಲೇ ಇಲ್ಲವಂತೆ.

ಹುಡುಗರಿಬ್ಬರೂ ಬೊಂಬಾಯಿಯಲ್ಲಿ ಡಾ. ಜಾನ್ ವಿಲ್ಸನ್ ಅವರ ಶಾಲೆಗೆ ಸೇರಿದರು. ಆಫ್ರಿಕಾದ ಮಕ್ಕಳು ಅಲ್ಲಿಗೆ ಹೊಸಬರೇನಲ್ಲ. ಬ್ರಿಟಿಷ್ ನೌಕಾಪಡೆ ಅರಬ್ಬೀ ಸಮುದ್ರದಲ್ಲಿ ಗುಲಾಮರ ಹಾಯಿಹಡಗುಗಳನ್ನು ಹಿಡಿದಾಗ ಬಿಡುಗಡೆಯಾದವರನ್ನು ಬೊಂಬಾಯಿಯಲ್ಲಿ ಇಳಿಸುತ್ತಿತ್ತು. ನಾಸಿಕದ ಬಳಿ ಶರಣಪುರದಲ್ಲಿ ಚರ್ಚ್ ಮಿಷನರಿ ಸೊಸೈಟಿ ಇಂಥ ಮಕ್ಕಳಿಗೆಂದೇ ಆಶ್ರಮ ನಡೆಸುತ್ತಿತ್ತು. ಓದು ಬರಹದ ಜೊತೆಗೆ ಬಡಗಿ ಕೆಲಸ, ಕಮ್ಮಾರಿಕೆ ಕಲಿಸುತ್ತಿದ್ದರು. ಮರಾಠಿ ಸೀಮೆಯಲ್ಲಿ ಬೆಳೆದ ಆ ಆಫ್ರಿಕನ್ ಹುಡುಗರಿಗೆ ‘ನಾಸಿಕದ ಹುಡುಗರು’ ಎಂದೇ ಹೆಸರು ನಿಂತಿತು. ಅವರಿಗೆ ಹೊಸ ಹೆಸರು, ಹೊಸ ಧರ್ಮ ಕೊಟ್ಟರು, ಕೇಳಿ ಕೊಟ್ಟದ್ದಲ್ಲ. ಈ ಆಕ್ಷೇಪ ನನಗೂ ಇದೆ. ಆದರೂ ಮಗೊಮೆರೊದಲ್ಲಿ ಇಲ್ಲದ್ದು ಇಲ್ಲಿ ಇತ್ತು. ಊಟಕ್ಕೆ ಹೊತ್ತು, ಮಲಗಲು ಜಾಗ, ಕೈಗೆ ಒಂದು ಕಸುಬು.

1866ರ ಜನವರಿಯಲ್ಲಿ ಲಿವಿಂಗ್‌ಸ್ಟನ್ ಬೊಂಬಾಯಿಯಿಂದಲೇ ತನ್ನ ಕೊನೆಯ ಯಾತ್ರೆಗೆ ಹೊರಟ. ಚುಮಾ, ವೆಕೊಟಾನಿ, ನಾಸಿಕದ ಒಂಬತ್ತು ಹುಡುಗರು, ಬೊಂಬಾಯಿಯ ಸಿಪಾಯಿಗಳು ಜೊತೆಗೆ. ವೆಕೊಟಾನಿಗೆ ನ್ಯಾಸಾ ಸರೋವರದ ಹತ್ತಿರ ತನ್ನ ಕಡೆಯವರು ಸಿಕ್ಕರು, ಅಲ್ಲೇ ಉಳಿದ. ಮುಂದಿನ ವರ್ಷದ ಆರಂಭದಲ್ಲಿ ಹೊರೆಯಾಳುಗಳು ತಲೆಮರೆಸಿಕೊಂಡಾಗ ಔಷಧದ ಪೆಟ್ಟಿಗೆಯೂ ಅವರ ಜೊತೆ ಹೋಯಿತು. ಅಂದಿನಿಂದ ಆತ ಔಷಧವಿಲ್ಲದ ವೈದ್ಯ. ಜ್ವರ, ರಕ್ತಭೇದಿ, ಕಾಲಿನ ಹುಣ್ಣು ಒಂದಾದ ಮೇಲೊಂದು ಕಾಡಿದಾಗ ಆತನಿಗೆ ಆಸರೆ ಕೊಟ್ಟು ಉಪಚರಿಸಿದವರು ಅರಬ್ ವ್ಯಾಪಾರಿಗಳು. ಅವರಲ್ಲಿ ಗುಲಾಮರನ್ನು ಮಾರುವವರೂ ಇದ್ದರು. ಆತ ಅವರ ಅನ್ನ ಉಂಡ, ಅವರ ಉಪಕಾರವನ್ನು ಮರೆಮಾಚದೆ ಬರೆದ. ಅದೇ ಕೈಯಿಂದ 1871ರ ಜುಲೈ 15ರಂದು ನ್ಯಾಂಗ್ವೆ ಸಂತೆಯಲ್ಲಿ ಅವರ ಕಡೆಯವರು ನೂರಾರು ಜನರನ್ನು, ಹೆಚ್ಚಿನಂಶ ಹೆಂಗಸರನ್ನು, ಕೊಂದದ್ದನ್ನೂ ಬರೆದ. ಆ ವರದಿ ಸ್ಟ್ಯಾನ್ಲಿಯ ಜೊತೆ ಇಂಗ್ಲೆಂಡ್ ತಲುಪಿ ಜನರನ್ನು ಕೆರಳಿಸಿತು.

ಈ ನಡುವೆ ಇನ್ನೊಬ್ಬ ವೈದ್ಯ ಜಂಜಿಬಾರಿನಲ್ಲಿ ಕೂತು ಕೆಲಸ ಮಾಡುತ್ತಿದ್ದ. ಡಾ. ಜಾನ್ ಕರ್ಕ್, ಮ್ಬಾಮೆಯವರೆಗೂ ಬಂದ ಜಾಂಬೆಜಿ ಯಾತ್ರೆಯಲ್ಲಿ ಲಿವಿಂಗ್‌ಸ್ಟನ್‌ನ ಜೊತೆಗಾರ, ಸಸ್ಯಶಾಸ್ತ್ರಜ್ಞ. 1866ರಲ್ಲಿ ಬ್ರಿಟಿಷ್ ಏಜೆನ್ಸಿಯ ವೈದ್ಯಾಧಿಕಾರಿಯಾಗಿ ಬಂದವನು ಮುಂದೆ ಕಾನ್ಸಲ್ ಆದ. ಬೊಂಬಾಯಿಯ ಹಿಂದಿನ ಗವರ್ನರ್ ಬಾರ್ಟಲ್ ಫ್ರಿಯರ್ ಬಂದು ಕೇಳಿದರೂ ಒಪ್ಪದ ಸುಲ್ತಾನ ಬರ್ಗಾಶ್, ನೌಕಾಪಡೆಯ ದಿಗ್ಬಂಧನದ ಬೆದರಿಕೆಯ ನಡುವೆ ಕರ್ಕ್ ಪಟ್ಟು ಹಿಡಿದ ಮೇಲೆ 1873ರ ಜೂನ್ 5ರಂದು ಒಪ್ಪಂದಕ್ಕೆ ಸಹಿ ಹಾಕಿದ. ಸಮುದ್ರದ ಮೇಲಿನ ಗುಲಾಮ ಸಾಗಣೆ ನಿಷಿದ್ಧವಾಯಿತು, ಜಂಜಿಬಾರಿನ ಗುಲಾಮರ ಸಂತೆ ಮುಚ್ಚಿತು. ಲಿವಿಂಗ್‌ಸ್ಟನ್‌ಗೆ ಈ ಸುದ್ದಿ ಮುಟ್ಟಲಿಲ್ಲ. ತಿಂಗಳ ಹಿಂದೆಯೇ, ಮೇ ಆರಂಭದಲ್ಲಿ, ಇಂದಿನ ಜಾಂಬಿಯಾದ ಚಿಟಾಂಬೊ ಹಳ್ಳಿಯಲ್ಲಿ ಆತ ತೀರಿಕೊಂಡಿದ್ದ.

ಆತನ ಹೃದಯವನ್ನು ಅಲ್ಲೇ ಮರದ ಬುಡದಲ್ಲಿ ಹೂತು, ದೇಹಕ್ಕೆ ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸಿ, ಸಾವಿರ ಮೈಲಿಯ ಆಸುಪಾಸು ಹೊತ್ತು ಕರಾವಳಿಯ ಬಗಾಮೊಯೊಗೆ ತಂದವರ ಮುಂದಾಳುಗಳು ಆತನ ಜೊತೆಗಾರರಾದ ಸುಸಿ ಮತ್ತು ಚುಮಾ. ಹೂಳುವಾಗ ಪ್ರಾರ್ಥನೆ ಓದಿದವನು ನಾಸಿಕದಲ್ಲಿ ಓದಿದ ಜೇಕಬ್ ವೇನ್‌ರೈಟ್. 1874ರ ಏಪ್ರಿಲ್ 18ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಗೆ ಕೈ ಕೊಟ್ಟವರಲ್ಲಿ ಆತನೂ ಒಬ್ಬ. ಲಿವಿಂಗ್‌ಸ್ಟನ್‌ನ ಕೊನೆಯ ದಿನಚರಿಯನ್ನು ವಾಲರ್ ಅಚ್ಚಿಗೆ ಸಿದ್ಧಪಡಿಸುವಾಗ ಪಕ್ಕದಲ್ಲಿ ಕೂತು ಊರು, ನದಿ, ಘಟನೆಗಳನ್ನು ನೆನಪಿನಿಂದ ಹೇಳಿದವರು ಚುಮಾ ಮತ್ತು ಸುಸಿ. ಗುಲಾಮರ ಸಾಲಿನಿಂದ ಬಿಡಿಸಿಕೊಂಡು ಬಂದ ಹುಡುಗ ಆ ಕಾಲದ ದೊಡ್ಡ ಪುಸ್ತಕವೊಂದಕ್ಕೆ ಸಾಕ್ಷಿಯಾದ. ಅವನ ಹೆಸರು ಅದರ ಮುಖಪುಟದಲ್ಲಿ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ನಾಸಿಕದ ಹಲವರು 1875ರಲ್ಲಿ ಮೊಂಬಾಸಾ ಬಳಿ ಫ್ರಿಯರ್ ಟೌನ್ ಎಂಬ ಹೊಸ ಊರಿಗೆ ನೆಲೆಗಾರರಾಗಿ ಹೋದರು. ದೇಹ ಹೊತ್ತು ತಂದವರ ಪೈಕಿ ಕೊನೆಯವನಾದ ಮ್ಯಾಥ್ಯೂ ವೆಲ್ಲಿಂಗ್ಟನ್ ಎಂಬ ನಾಸಿಕದ ಹುಡುಗ ತೀರಿಕೊಂಡದ್ದು 1935ರಲ್ಲಿ, ಮೊಂಬಾಸಾದಲ್ಲಿ.

ಅದೇ ಆಫ್ರಿಕಾದ ಕರಾವಳಿಯಿಂದ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದವರ ಮಕ್ಕಳು ಮರಿಮಕ್ಕಳು ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡುಗಳಲ್ಲಿದ್ದಾರೆ. ಈ ಸಿದ್ದಿಗಳ ಹಿರಿಯರನ್ನು ಬಿಡಿಸಲು ಯಾವ ವೈದ್ಯನೂ ಬರಲಿಲ್ಲ. ಹಲವರು ತಾವೇ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಕಟ್ಟು ಬಿಚ್ಚಿದ ಮೇಲಿನ ಕೆಲಸಕ್ಕೆ ಶತಮಾನಗಳೇ ಹಿಡಿಯಬಹುದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಜೀತಪದ್ಧತಿ ರದ್ದತಿ ಕಾಯ್ದೆ ನಮ್ಮಲ್ಲಿ ಬಂದದ್ದು 1976ರಲ್ಲಿ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹದಿನಾಲ್ಕು ತುಂಬದ ಮಗುವನ್ನು ದುಡಿಮೆಗೆ ಹಚ್ಚುವುದು ಅಪರಾಧವೆಂದು 2016ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಜೀತದಿಂದ ಬಿಡುಗಡೆಯಾದವರಿಗೆ ಪುನರ್ವಸತಿ ಹಣವೂ ನಿಗದಿಯಾಗಿದೆ. ಮಗುವಿನ ವಯಸ್ಸಿಗೆ ದಾಖಲೆ ಇಲ್ಲದಾಗ ಕಾನೂನು ಕೊನೆಗೆ ವೈದ್ಯರ ಮಾತನ್ನೇ ಕೇಳುತ್ತದೆ. ಇಟ್ಟಿಗೆ ಭಟ್ಟಿಯ, ಕಲ್ಲುಗಣಿಯ ಮಗು ಸುಟ್ಟ ಕೈ ಹಿಡಿದುಕೊಂಡೋ ಕೆಮ್ಮಿಕೊಂಡೋ ಮೊದಲು ಬರುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ. ಅಲ್ಲಿನ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ಗಾಯಕ್ಕೆ ಮದ್ದು ಹಚ್ಚುವುದರ ಜೊತೆಗೆ, ಈ ಮಗು ಶಾಲೆಯಲ್ಲಿ ಇರಬೇಕಾದ ಹೊತ್ತಿನಲ್ಲಿ ಎಲ್ಲಿತ್ತು ಎಂದು ಒಂದು ಮಾತು ಕೇಳಲಿ. ಉತ್ತರ ಅನುಮಾನ ಹುಟ್ಟಿಸಿದರೆ ಮಕ್ಕಳ ಸಹಾಯವಾಣಿಗೆ ತಿಳಿಸಲಿ. ಓದುಗರಲ್ಲಿಯೂ ಇದೇ ವಿನಂತಿ. ಸಂಖ್ಯೆ 1098. ಕರೆಗೆ ಹಣವಿಲ್ಲ, ಹಗಲೂ ರಾತ್ರಿಯೂ ತೆರೆದಿರುತ್ತದೆ.